ಓದಿದ ರಾಗ, ಕೇಳಿದ ಕಾವ್ಯ



ಓದಿನ ಸುಖವಾಗಲಿ, ಸಂಗೀತದ ಸುಖವಾಗಲಿ ಒಬ್ಬರೇ ಸವಿದರೆ ಅರ್ಧ. ಸಮಾನ ಅಭಿರುಚಿಯವರೊಡನೆ ಹಂಚಿಕೊಂಡಾಗಲೇ ಪೂರ್ಣ. ಈಚೆಗೆ ನನ್ನ ಮನಸ್ಸನ್ನು ಹಿಡಿದಿರುವ ಒಂದು ಕಾದಂಬರಿಯನ್ನೂ ಒಂದು ಬಗೆಯ ಗಾಯನವನ್ನೂ ಇಂದು ತಮ್ಮ ಮುಂದಿಡುತ್ತೇನೆ. ಎರಡಕ್ಕೂ ಬಳ್ಳಾರಿಯ ನಂಟಿದೆ.

ಕಾದಂಬರಿ ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’. ಸಂಗೀತಕ್ಕೆ ಬದುಕನ್ನೇ ಒಪ್ಪಿಸಿದ ಲಕ್ಷ್ಮಣನ ಕಥೆ ಅದು. 1966ರಲ್ಲಿ ಚಲನಚಿತ್ರವಾದಾಗ ಭೀಮಸೇನ ಜೋಶಿ, ಬಾಲಮುರಳೀಕೃಷ್ಣ ಇವರ ಕಂಠಗಳು ಅದಕ್ಕೆ ಒದಗಿದವು. ಆದರೆ ಪುಸ್ತಕ ಓದುವವನಿಗೆ ಯಾರ ಕಂಠದ ನೆರವೂ ಇಲ್ಲ. ರಾಗವನ್ನು ಅವನೇ ಒಳಗಿವಿಯಲ್ಲಿ ಕಟ್ಟಿಕೊಳ್ಳಬೇಕು. ಮರು ಓದಿನಲ್ಲಿ ನನಗೆ ಹಿಡಿಸಿದ್ದು ಈ ಮೌನದ ಗಾಯನವೇ.

ಈ ಒಂದು ಕೃತಿ ಮಾಡಿದ ಉಪಕಾರ ಚಿಕ್ಕದಲ್ಲ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಪೊಲೀಸ್ ಇಲಾಖೆಯ ನೌಕರರು. ಕನ್ನಡದ ಬಗೆಗೆ ಅವರಿಗಿದ್ದುದು ಅಸಡ್ಡೆ. ‘ಸಂಧ್ಯಾರಾಗ’ವನ್ನು ಓದಿದ ಮೇಲೆ ಅವರು ಕನ್ನಡಕ್ಕೆ ಒಲಿದರು. ಅವರೇ ನಮ್ಮನ್ನೆಲ್ಲ ನಗಿಸಿದ ಬೀಚಿ. ಒಳ್ಳೆಯ ಪುಸ್ತಕವೊಂದು ಸಕಾಲದಲ್ಲಿ ಕೈಸೇರಿದರೆ ಆಗುವ ಪವಾಡಕ್ಕೆ ಬೇರೆ ಸಾಕ್ಷಿ ಬೇಕೆ?

ಇನ್ನು ಗಾಯನ. ಅದು ಗಮಕ. ಕುಮಾರವ್ಯಾಸನ ಭಾರತವನ್ನು ಕಣ್ಣಿನಿಂದಷ್ಟೇ ಓದಿದವರಿಗೆ ಅದು ಕಠಿಣವೆನಿಸುವುದು ಸಹಜ. ಭಾಮಿನಿ ಷಟ್ಪದಿಯ ಆರು ಸಾಲುಗಳಲ್ಲಿ ನಾಲ್ಕು 14 ಮಾತ್ರೆಯವು. ಮೂರನೆಯದೂ ಆರನೆಯದೂ 23 ಮಾತ್ರೆಯಷ್ಟು ನೀಳ. ಸಾಲು ಮುಗಿದರೂ ಎಷ್ಟೋ ಕಡೆ ಪದ ಮುಗಿದಿರುವುದಿಲ್ಲ. ಕಣ್ಣು ಅಲ್ಲಿ ಎಡವುತ್ತದೆ. ಗಮಕಿಯ ದನಿ ಎಡವುವುದಿಲ್ಲ. ಒಡೆದ ಪದವನ್ನು ಅವನು ಕೂಡಿಸುತ್ತಾನೆ, ನೀಳ ಸಾಲಿನಲ್ಲಿ ದನಿಯನ್ನು ಹರಿಯಬಿಡುತ್ತಾನೆ. ಸಂಗೀತ ಕಚೇರಿಯಲ್ಲಿ ಮಾತು ರಾಗವನ್ನು ಅನುಸರಿಸಿದರೆ, ಗಮಕದಲ್ಲಿ ರಾಗವೇ ಅರ್ಥವನ್ನು ಅನುಸರಿಸುತ್ತದೆ.

ಈ ಕಲೆಗೆ ನಮ್ಮ ಸೀಮೆಯಲ್ಲಿ ಮನೆಮಾತಾದ ಹೆಸರು ಜೋಳದರಾಶಿ ದೊಡ್ಡನಗೌಡರದು. 1910ರಿಂದ 1994ರವರೆಗೆ ಬಾಳಿದ ಗೌಡರು ಕವಿ, ನಟ, ಗಮಕಿ. ಬಳ್ಳಾರಿ ರಾಘವರ ಒಡನಾಟದಲ್ಲಿ ರಂಗಭೂಮಿಯಲ್ಲೂ ಪಳಗಿದವರು. ನಟನೂ ಗಾಯಕನೂ ಒಬ್ಬನಲ್ಲೇ ಕೂಡಿದಾಗ ಕೌರವನ ಹಟವೂ ದ್ರೌಪದಿಯ ಅಳಲೂ ಬೇರೆಯೇ ಜೀವ ತಳೆಯುತ್ತವೆ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ರಾಜ್ಯದ ಗಡಿ ಭಾಷೆಯನ್ನು ಕಾಯುವುದಿಲ್ಲ. ಮನೆಯಲ್ಲಿ ತೆಲುಗು ಆಡುವ ಕುಟುಂಬಗಳು ನಮ್ಮಲ್ಲಿ ಬಹಳ. ಆ ಮಕ್ಕಳಿಗೆ ಹಳೆಯ ಕನ್ನಡ ಕಾವ್ಯ ಪಠ್ಯದ ಹೊರೆಯಾಗದೆ ನಲಿವಾಗಬೇಕಾದರೆ ಅದು ಕಿವಿಯ ಬಾಗಿಲಿನಿಂದಲೇ ಒಳಹೋಗಬೇಕು. ಧ್ವನಿಮುದ್ರಿಕೆಗಳು ದನಿಯನ್ನು ಉಳಿಸಬಲ್ಲವು, “ಈ ಮಾತಿನ ಅರ್ಥವೇನು?” ಎಂದು ನಡುವೆ ಕೇಳುವ ಮಗುವಿಗೆ ಉತ್ತರಿಸಲಾರವು. ಗಮಕಿಯ ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರ ಉತ್ತರಿಸಬಲ್ಲ.

ಆದುದರಿಂದ ನನ್ನದೊಂದು ಬಿನ್ನಹ. ಸಿರುಗುಪ್ಪದಲ್ಲಿ ಭತ್ತದ ಸುಗ್ಗಿ ಮುಗಿದ ಮೇಲೆ, ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಸನ್ನಿಧಿಯಲ್ಲಿ, ವಾರಕ್ಕೊಂದು ಸಂಜೆ ಹತ್ತು ಜನ ಸೇರಲಿ. ಒಬ್ಬರು ವಾಚಿಸಲಿ, ಒಬ್ಬರು ಅರ್ಥ ಹೇಳಲಿ, ಉಳಿದವರು ಕೇಳಲಿ. ಏಳುವ ಮುನ್ನ ಪ್ರತಿಯೊಬ್ಬರೂ ತಾವು ಮೆಚ್ಚಿದ ಒಂದು ಪುಸ್ತಕವನ್ನು ನೆರೆಯವರ ಕೈಗಿಡಲಿ. ಅವರಲ್ಲಿ ಮುಂದಿನ ಬೀಚಿ ಇರಬಾರದೇಕೆ?