ಒಂದೇ ಡಿಸ್ಕು, ಬೇರೆ ಬೇರೆ ವೇಗ



1990ರ ದಶಕದಲ್ಲಿ ಕಂಪ್ಯೂಟರಿನ ಮಾಹಿತಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಲು ಫ್ಲಾಪಿಯೇ ಆಧಾರವಾಗಿತ್ತು. ಅದರಲ್ಲಿ ಹಿಡಿಸುತ್ತಿದ್ದುದು 1.44 ಮೆಗಾಬೈಟ್ ಮಾತ್ರ. 1995ರಲ್ಲಿ ಅಮೆರಿಕದ ಅಯೋಮೆಗಾ ಕಂಪನಿಯ ಜಿಪ್ ಡ್ರೈವ್ ಮಾರುಕಟ್ಟೆಗೆ ಬಂತು. ಅದರ ಒಂದು ಡಿಸ್ಕಿನಲ್ಲಿ 100 ಮೆಗಾಬೈಟ್, ಅಂದರೆ ಸುಮಾರು 70 ಫ್ಲಾಪಿಗಳಷ್ಟು ಮಾಹಿತಿ ಹಿಡಿಸುತ್ತಿತ್ತು.

ಈ ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುವ ದಾರಿಗಳು ಹಲವು. ಡಿಸ್ಕು ಒಂದೇ ಆದರೂ ಓದಲು ತಗಲುವ ಸಮಯ ಬೇರೆ ಬೇರೆ. ಹೀಗೇಕೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ.

ಮೊದಲನೆಯದು ಪ್ಯಾರಲಲ್ ಪೋರ್ಟ್. ಇದು ಪ್ರಿಂಟರಿಗಾಗಿ ಮಾಡಿದ ದಾರಿ. ಮಾಹಿತಿ ಹೊರಗೆ ಹೋಗಲು ಎಂಟು ತಂತಿಗಳಿದ್ದವು. ಒಳಗೆ ಬರಲು ಸರಿಯಾದ ದಾರಿ ಇರಲಿಲ್ಲ. ಹಳೆಯ ಯಂತ್ರಗಳಲ್ಲಿ ಒಂದು ಬೈಟನ್ನು ಅರ್ಧ ಮಾಡಿ, ನಾಲ್ಕು ನಾಲ್ಕು ಬಿಟ್‌ಗಳಾಗಿ ಎರಡು ಸಲ ತರಬೇಕಿತ್ತು. ಆಗ ವೇಗ ಸೆಕೆಂಡಿಗೆ ಸುಮಾರು 50 ಕಿಲೋಬೈಟ್. ಈ ಲೆಕ್ಕದಲ್ಲಿ ಇಡೀ ಡಿಸ್ಕನ್ನು ಓದಲು 2,000 ಸೆಕೆಂಡು, ಅಂದರೆ ಅರ್ಧ ಗಂಟೆಗೂ ಹೆಚ್ಚು! ಎರಡೂ ಕಡೆಗೆ ಎಂಟು ಬಿಟ್ ಸಾಗಿಸುವ ಪೋರ್ಟಿನಲ್ಲಿ ವೇಗ ಸುಮಾರು 150 ಕಿಲೋಬೈಟಿಗೆ ಏರಿ, ಸಮಯ 11 ನಿಮಿಷಕ್ಕೆ ಇಳಿಯುತ್ತಿತ್ತು. ಇಪಿಪಿ ಎಂಬ ಸುಧಾರಿತ ವಿಧಾನ ಇನ್ನೂ ಚುರುಕಾಗಿತ್ತು. ಅದಿದ್ದ ಯಂತ್ರಗಳಲ್ಲಿ ಬಯಾಸ್ ಸೆಟಪ್ಪಿನ ಒಂದು ಆಯ್ಕೆಯನ್ನು ಬದಲಿಸಿದರೆ ಸಾಕು, ಖರ್ಚಿಲ್ಲದೆ ವೇಗ ಹೆಚ್ಚುತ್ತಿತ್ತು.

ಎರಡನೆಯದು ಸ್ಕಜಿ. ಇದರ ಮೊದಲ ಮಾದರಿಯೇ ಸೆಕೆಂಡಿಗೆ 5 ಮೆಗಾಬೈಟ್ ಸಾಗಿಸಬಲ್ಲದು. ಹಾಗಾದರೆ ಜಿಪ್ ಡಿಸ್ಕು 20 ಸೆಕೆಂಡಿನಲ್ಲಿ ಮುಗಿಯಬೇಕಲ್ಲವೇ? ಮುಗಿಯುವುದಿಲ್ಲ. ಏಕೆಂದರೆ ಜಿಪ್ ಡ್ರೈವ್ ತಾನೇ ಓದಿ ಕೊಡುವುದು ಸೆಕೆಂಡಿಗೆ ಸುಮಾರು 1 ಮೆಗಾಬೈಟ್. ಹಾಗಾಗಿ 100 ಸೆಕೆಂಡು ಬೇಕೇ ಬೇಕು. ನಲ್ಲಿ ಸಣ್ಣದಾಗಿದ್ದರೆ ಅದರ ಹಿಂದಿನ ಪೈಪು ಎಷ್ಟು ದಪ್ಪವಿದ್ದರೇನು, ಬಿಂದಿಗೆ ತುಂಬುವುದು ನಲ್ಲಿಯ ಲೆಕ್ಕದಲ್ಲೇ.

ಮೂರನೆಯದು ಯುಎಸ್‌ಬಿ. 1998ರ ಯುಎಸ್‌ಬಿ 1.1ರ ಗರಿಷ್ಠ ವೇಗ 12 ಎಂದು ಓದಿ ಮೋಸಹೋಗಬೇಡಿ. ಅದು ಮೆಗಾಬಿಟ್, ಮೆಗಾಬೈಟ್ ಅಲ್ಲ. ಎಂಟರಿಂದ ಭಾಗಿಸಿದರೆ ಸಿಗುವುದು 1.5 ಮೆಗಾಬೈಟ್. ಅದರಲ್ಲೂ ಒಂದು ಪಾಲು ಸಾಧನಗಳ ನಡುವಿನ ಸಂಕೇತಗಳಿಗೇ ಖರ್ಚಾಗುತ್ತದೆ. ಆದರೂ ಜಿಪ್ ಡ್ರೈವಿಗೆ ಇದು ಹೆಚ್ಚುಕಡಿಮೆ ಸರಿಹೊಂದುವ ದಾರಿ. 2000ದಲ್ಲಿ ಬಂದ ಯುಎಸ್‌ಬಿ 2.0ರ ವೇಗ 480 ಮೆಗಾಬಿಟ್. ಆದರೆ ಹಳೆಯ ಡ್ರೈವನ್ನು ಅದಕ್ಕೆ ಸಿಕ್ಕಿಸಿದರೆ ಅದು ತನ್ನ ಹಳೆಯ ವೇಗದಲ್ಲೇ ಓಡುತ್ತದೆ.

ಇದರಿಂದ ತಿಳಿಯುವ ನಿಯಮ ಸರಳ. ಸಾಧನದ ವೇಗ, ಜೋಡಣೆಯ ವೇಗ, ಕಂಪ್ಯೂಟರಿನ ಪೋರ್ಟಿನ ವೇಗ ಈ ಮೂರನ್ನೂ ಒಂದೇ ಮಾನಕ್ಕೆ ತನ್ನಿ. ಅವುಗಳಲ್ಲಿ ಅತಿ ಚಿಕ್ಕದೇ ನಿಮಗೆ ದೊರೆಯುವ ವೇಗ.

ಈ ಲೆಕ್ಕ ಇಂದಿಗೂ ಉಪಯುಕ್ತ. ಆ ಕಾಲದ ಜಿಪ್ ಡಿಸ್ಕುಗಳು ನಿಮ್ಮ ಮನೆಯಲ್ಲೋ ಕಾಲೇಜಿನ ಬೀರುವಿನಲ್ಲೋ ಉಳಿದಿದ್ದರೆ, ಅವುಗಳಲ್ಲಿ ಇನ್ನೆಲ್ಲೂ ಪ್ರತಿಯಿಲ್ಲದ ಪ್ರಬಂಧಗಳು, ಚಿತ್ರಗಳು ಇರಬಹುದು. ಅವನ್ನು ಬೇಗ ನಕಲು ಮಾಡಿಕೊಳ್ಳಿ. 20 ಡಿಸ್ಕುಗಳಿಗೆ ಪ್ಯಾರಲಲ್ ಡ್ರೈವಿನಲ್ಲಿ ನಾಲ್ಕು ಗಂಟೆಯ ಹತ್ತಿರ ಹಿಡಿದರೆ, ಯುಎಸ್‌ಬಿ ಡ್ರೈವಿನಲ್ಲಿ ಒಂದು ಗಂಟೆಯೊಳಗೆ ಮುಗಿಯಬಹುದು. ಡ್ರೈವಿನಿಂದ ಟಿಕ್ ಟಿಕ್ ಎಂಬ ಸದ್ದು ಮತ್ತೆ ಮತ್ತೆ ಬಂದರೆ ಕೂಡಲೇ ನಿಲ್ಲಿಸಿ. ಅದಕ್ಕೆ ಇನ್ನೊಂದು ಡಿಸ್ಕು ಹಾಕಬೇಡಿ. ಕೆಟ್ಟ ಡ್ರೈವ್ ಒಳ್ಳೆಯ ಡಿಸ್ಕನ್ನೂ ಕೆಡಿಸಬಲ್ಲದು.

ಕೊನೆಗೆ ನಿಮಗೊಂದು ಲೆಕ್ಕ. ಸೆಕೆಂಡಿಗೆ 10 ಮೆಗಾಬೈಟ್ ಬರೆಯಬಲ್ಲ ಪೆನ್‌ಡ್ರೈವಿಗೆ 600 ಮೆಗಾಬೈಟಿನ ಕಡತವನ್ನು ತುಂಬಬೇಕು. ಯುಎಸ್‌ಬಿ 1.1 ಪೋರ್ಟಿನಲ್ಲಿ ಕನಿಷ್ಠ ಎಷ್ಟು ಸಮಯ ಬೇಕು? 2.0 ಪೋರ್ಟಿನಲ್ಲಿ ಎಷ್ಟು? ಕಾಗದ, ಪೆನ್ಸಿಲು ತೆಗೆದುಕೊಂಡು ನೀವೇ ಕಂಡುಕೊಳ್ಳಿ.