ಒಬ್ಬರೇ ಓದುವ ಪ್ರಬಂಧ, ಹತ್ತು ಜನ ಓದುವ ಪುಟ

ಇವತ್ತಿನ ವಿಷಯ ರೆಟರಿಕ್. ಹೆಸರು ಕೇಳಿ ಇದು ಭಾಷಣ ಮಾಡೋರಿಗೆ ಬೇಕಾದ ವಿದ್ಯೆ ಅಂದ್ಕೋಬೇಡಿ. ಎದುರಿಗಿರುವವರನ್ನು ಒಪ್ಪಿಸಲು ಆ ಸಂದರ್ಭದಲ್ಲಿ ಯಾವ ಯಾವ ದಾರಿಗಳಿವೆ ಅಂತ ಕಂಡುಕೊಳ್ಳುವ ಶಕ್ತಿಯನ್ನೇ ಅರಿಸ್ಟಾಟಲ್ ಆ ಹೆಸರಿನಿಂದ ಕರೆದ. ಅವನು ಹೇಳಿದ ದಾರಿಗಳು ಮೂರು: ಹೇಳುವವರ ಮೇಲಿನ ನಂಬಿಕೆ, ಕೇಳುವವರ ಭಾವನೆ, ವಾದದ ತರ್ಕ.

ನಾವು ಇಂಜಿನಿಯರುಗಳು ಮೂರನೆಯದನ್ನು ಮಾತ್ರ ನಂಬ್ತೀವಿ. ಡಿಸೈನ್ ಡಾಕ್ಯುಮೆಂಟ್‌ನಲ್ಲಿ ಲೆಕ್ಕ ಸರಿ ಇದ್ರೆ ಸಾಕು, ಎಲ್ಲರೂ ಒಪ್ಪಲೇಬೇಕು ಅಂತ. ಆದರೆ ಅದನ್ನು ಓದುವ ಮ್ಯಾನೇಜರ್‌ಗೆ ಬಜೆಟ್ ಚಿಂತೆ, ಟೆಸ್ಟಿಂಗ್‌ನವರಿಗೆ ರಿಲೀಸ್ ತಾರೀಖಿನ ಚಿಂತೆ. ಅವರ ಚಿಂತೆಗೆ ಆ ಪುಟದಲ್ಲಿ ಉತ್ತರ ಸಿಗದಿದ್ದರೆ ಒಳ್ಳೆಯ ಐಡಿಯಾ ಅಲ್ಲೇ ಬಿದ್ದುಹೋಗುತ್ತೆ.

ಇದು ನಮಗೆ ಯಾಕೆ ಬರಲ್ಲ? ಶಾಲೆಯಲ್ಲಿ ಪ್ರಬಂಧ ಬರೆದದ್ದು ನೆನಪಿದೆಯಲ್ಲ: ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಓದುಗರು ಒಬ್ಬರೇ, ಮೇಷ್ಟ್ರು. ಅವರಿಗೆ ವಿಷಯ ಮೊದಲೇ ಗೊತ್ತು, ಬೇಜಾರಾದರೂ ಕೊನೆವರೆಗೆ ಓದಲೇಬೇಕು. ಅಂಕ ಕೊಡ್ತಾರೆ, ಆದರೆ "ನೀನು ಹೇಳಿದ್ದನ್ನ ನಾನು ಒಪ್ಪಲ್ಲ" ಅನ್ನಲ್ಲ. ಹಾಗಾಗಿ ಒಪ್ಪಿಸುವ ಅಗತ್ಯವೇ ನಮಗೆ ಬರಲಿಲ್ಲ.

ನಾನು ಎಂಟೆಕ್ ಮಾಡುವಾಗ ಒಬ್ಬ ಪ್ರೊಫೆಸರ್ ಇದನ್ನು ತಿರುಗಿಸಿಬಿಟ್ಟರು. ಪ್ರತಿ ವಾರ ಒಂದು ಪುಟ ಬರೀಬೇಕು, ಇಡೀ ಕ್ಲಾಸು ಓದಬೇಕು, ಪ್ರತಿಯೊಬ್ಬರೂ ಇಬ್ಬರಿಗೆ ಲಿಖಿತ ಉತ್ತರ ಕೊಡಬೇಕು. ಮೂರ್ನಾಲ್ಕು ವಾರದಲ್ಲೇ ಬರವಣಿಗೆ ಬದಲಾಯ್ತು. ಯಾರು ಯಾವ ಸಾಲಿಗೆ ತಕರಾರು ತೆಗೀತಾರೆ ಅಂತ ಬರೆಯುವಾಗಲೇ ಗೊತ್ತಾಗ್ತಿತ್ತು. ಉತ್ತರವೂ ಅಲ್ಲೇ ಸೇರ್ತಿತ್ತು. ರೆಟರಿಕ್ ಅನ್ನೋ ಪದವನ್ನು ಅವರು ಒಂದು ಸಲವೂ ಬಳಸಲಿಲ್ಲ.

ಇದು ಹಳೇ ಉಪಾಯ. ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ಇದನ್ನ ಚೆನ್ನಾಗಿ ವಿವರಿಸ್ತಾನೆ. ಹುಡುಗನಾಗಿದ್ದಾಗ ಹೆಣ್ಣುಮಕ್ಕಳಿಗೆ ವಿದ್ಯೆ ಬೇಕೋ ಬೇಡವೋ ಅಂತ ಗೆಳೆಯ ಕಾಲಿನ್ಸ್ ಜೊತೆ ಪತ್ರದಲ್ಲಿ ವಾದ ನಡೆಸ್ತಾನೆ. ಬೇಕು ಅನ್ನೋದು ಫ್ರಾಂಕ್ಲಿನ್ ಪಕ್ಷ. ಆ ಪತ್ರಗಳು ಅಪ್ಪನ ಕೈಗೆ ಸಿಗುತ್ತವೆ. ಯಾರ ವಾದ ಸರಿ ಅನ್ನೋದಕ್ಕೆ ಅಪ್ಪ ಹೋಗಲ್ಲ. ನಿನ್ನ ಕಾಗುಣಿತ ಚೆನ್ನಾಗಿದೆ, ಆದರೆ ಸೊಗಸು, ಕ್ರಮ, ಸ್ಪಷ್ಟತೆಯಲ್ಲಿ ಅವನಿಗಿಂತ ಹಿಂದಿದ್ದೀಯ ಅಂತ ಉದಾಹರಣೆ ಸಮೇತ ತೋರಿಸ್ತಾನೆ.

ಆಮೇಲೆ ಹುಡುಗ ಸ್ಪೆಕ್ಟೇಟರ್ ಪತ್ರಿಕೆಯ ಲೇಖನ ತಗೊಂಡು, ಪ್ರತಿ ವಾಕ್ಯದ ಸಾರಾಂಶ ಗುರುತು ಹಾಕಿ, ಕೆಲವು ದಿನ ಬಿಟ್ಟು ತನ್ನ ಮಾತಿನಲ್ಲಿ ಮತ್ತೆ ಬರೆದು, ಮೂಲದ ಜೊತೆ ಹೋಲಿಸಿ ತಿದ್ದಿಕೊಳ್ತಾನೆ. ಕೆಲವೊಮ್ಮೆ ಆ ಟಿಪ್ಪಣಿಗಳನ್ನ ಕಲಸಿ, ಕೆಲವು ವಾರದ ನಂತರ ಕ್ರಮಕ್ಕೆ ತರ್ತಾನೆ. ವಿಚಾರಗಳನ್ನು ಜೋಡಿಸುವ ಅಭ್ಯಾಸಕ್ಕೆ ಇದು.

1727ರಲ್ಲಿ ಫಿಲಡೆಲ್ಫಿಯಾದಲ್ಲಿ ಅವನು ಕಟ್ಟಿದ ಜುಂಟೋ ಕೂಟ ಶುಕ್ರವಾರ ಸಂಜೆ ಸೇರ್ತಿತ್ತು. ಮೂರು ತಿಂಗಳಿಗೊಮ್ಮೆ ಪ್ರತಿ ಸದಸ್ಯನೂ ತಾನೇ ಬರೆದ ಪ್ರಬಂಧ ಓದಬೇಕು. ಇನ್ನೊಂದು ನಿಯಮ ನನಗೆ ತುಂಬಾ ಇಷ್ಟ: ಇದು ಹೀಗೇ ಅಂತ ಹಠದಿಂದ ಸಾಧಿಸಿದರೆ, ಇನ್ನೊಬ್ಬರ ಮಾತನ್ನ ನೇರವಾಗಿ ಅಲ್ಲಗಳೆದರೆ ಸಣ್ಣ ದಂಡ. ಕೋಡ್ ರಿವ್ಯೂನಲ್ಲಿ "ಇದು ತಪ್ಪು" ಅಂತ ಬರೆಯೋದಕ್ಕೂ, "ಇಲ್ಲಿ ಖಾಲಿ ಲಿಸ್ಟ್ ಬಂದ್ರೆ ಏನಾಗುತ್ತೆ?" ಅಂತ ಕೇಳೋದಕ್ಕೂ ಇರುವ ವ್ಯತ್ಯಾಸ ಇದೇ. ಮೊದಲನೆಯದಕ್ಕೆ ಜಗಳ ಬರುತ್ತೆ, ಎರಡನೆಯದಕ್ಕೆ ಉತ್ತರ ಬರುತ್ತೆ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನೋ ನಮ್ಮ ಗಾದೆಯೂ ಹೇಳೋದು ಇದನ್ನೇ.

ಊರು ಬಿಟ್ಟು ಬಂದ ನಮಗೆ ಇದು ಇನ್ನೂ ಮುಖ್ಯ. ಆಫೀಸಿನಲ್ಲಿ ಇಂಗ್ಲಿಷ್, ಕ್ಯಾಂಟೀನಿನಲ್ಲಿ ಹಿಂದಿ, ಕನ್ನಡ ಉಳಿದಿರೋದು ಅಮ್ಮನ ಫೋನಿಗೆ ಮಾತ್ರ. ಕನ್ನಡದಲ್ಲಿ ವಾದ ಮಂಡಿಸುವ ಅಭ್ಯಾಸ ತಪ್ಪಿದರೆ, ಭಾಷೆ ಕ್ಷೇಮ ಸಮಾಚಾರಕ್ಕೆ ನಿಂತುಬಿಡುತ್ತೆ.

ಅದಕ್ಕೆ ನನ್ನ ಸಲಹೆ ಚಿಕ್ಕದು. ಐದಾರು ಜನ ಸೇರಿ. ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರೂ ಕನ್ನಡದಲ್ಲಿ ಒಂದು ಪುಟ ಬರೀರಿ. ವಿಷಯ ಜಗಳವಾಗುವಂಥದ್ದಿರಲಿ: ಊರಲ್ಲಿ ಸೈಟು ತಗೋಬೇಕಾ, ಮಕ್ಕಳಿಗೆ ಕನ್ನಡ ಓದೋಕೆ ಬರೆಯೋಕೆ ಕಲಿಸಲೇಬೇಕಾ. "ಚೆನ್ನಾಗಿದೆ" ಅಂತ ಹೆಬ್ಬೆರಳು ತೋರಿಸೋದು ಬೇಡ. ಯಾವ ಸಾಲು ನಿಮ್ಮನ್ನ ಒಪ್ಪಿಸಿತು, ಯಾವುದು ಒಪ್ಪಿಸಲಿಲ್ಲ, ಅಷ್ಟೇ ಬರೀರಿ. ದಂಡದ ಡಬ್ಬಿಯನ್ನೂ ಇಡಿ. ತುಂಬಿದಾಗ ಎಲ್ಲರೂ ಸೇರಿ ಫಿಲ್ಟರ್ ಕಾಫಿ ಕುಡೀರಿ.