ಮಗುವಿನ ಬಾಯಿಗೆ ನಿಪ್ಪಲ್ ಇಡೋ ಮುಂಚೆ

ಇವತ್ತಿನ ಸಂಚಿಕೆಯಲ್ಲಿ ಒಂದು ಪುಟ್ಟ ವಸ್ತುವಿನ ಬಗ್ಗೆ ಮಾತಾಡ್ತೀನಿ. ಅಂಗಡಿಯಲ್ಲಿ ಅದನ್ನ ನಿಪ್ಪಲ್ ಅಂತಾರೆ, ಡಾಕ್ಟರು ಪ್ಯಾಸಿಫೈಯರ್ ಅಂತಾರೆ. ಅದರಿಂದ ಹಾಲೂ ಬರಲ್ಲ, ನೀರೂ ಬರಲ್ಲ. ಮಗು ಸುಮ್ಮನೆ ಚೀಪ್ತಾ ಇರುತ್ತೆ. ಅದನ್ನ ಕೊಡಬೇಕಾ, ಬೇಡವಾ? ಕೈಗೂಸು ಇರೋ ಮನೆಯಲ್ಲಿ ಒಂದಲ್ಲ ಒಂದು ರಾತ್ರಿ ಈ ಪ್ರಶ್ನೆ ಬಂದೇ ಬರುತ್ತೆ. ನಮ್ಮ ಮನೆಗೂ ಬಂತು. ಮೊದಲ ಸಲ ನಾನು ತಪ್ಪು ಮಾಡಿದೆ. ಅದನ್ನೇ ಹೇಳ್ತೀನಿ, ಯಾರಿಗಾದರೂ ಉಪಯೋಗ ಆಗಬಹುದು.

ನನ್ನ ತವರು ದೊಡ್ಡಬಳ್ಳಾಪುರ. ಅಲ್ಲಿನ ನೇಕಾರರ ಬೀದಿಗಳಲ್ಲಿ ಓಡಾಡಿದವರಿಗೆ ಗೊತ್ತಿರುತ್ತೆ, ಬೆಳಿಗ್ಗೆಯಿಂದ ರಾತ್ರಿವರೆಗೂ ಮನೆಮನೆಯಿಂದ ಮಗ್ಗದ ಸದ್ದು. ನಮ್ಮ ಮನೆಯಲ್ಲೂ ಮುಂದಿನ ಭಾಗದಲ್ಲಿ ಎರಡು ವಿದ್ಯುತ್ ಮಗ್ಗ, ಹಿಂದೆ ಅಡುಗೆಮನೆ, ನಡುವಿನ ಕೋಣೆಯಲ್ಲಿ ನನ್ನ ಬಾಣಂತನ. ಈ ಸದ್ದಿನಲ್ಲಿ ಮಗು ಹೇಗೆ ಮಲಗುತ್ತೋ ಅಂತ ಅತ್ತೆ ಹೆದರಿದ್ದರು. ಆದದ್ದು ಉಲ್ಟಾ. ಮಗ್ಗ ಓಡ್ತಿದ್ದರೆ ಮಗ ನಿದ್ದೆ ಮಾಡ್ತಿದ್ದ. ಕರೆಂಟ್ ಹೋಗಿ ಮಗ್ಗ ನಿಂತ ತಕ್ಷಣ ಎದ್ದು ಅಳೋಕೆ ಶುರು!

ಆದರೆ ಸಂಜೆ ಆರು ಗಂಟೆ ಆದರೆ ಮಗ್ಗವೂ ಕೆಲಸಕ್ಕೆ ಬರ್ತಿರಲಿಲ್ಲ. ಹಾಲು ಕುಡಿಸಿದರೂ ಅಳು, ಎತ್ತಿಕೊಂಡರೂ ಅಳು. ಅಮ್ಮ ಬಜೆ ತೇಯ್ದು ಹೊಕ್ಕುಳ ಸುತ್ತ ಹಚ್ಚಿದರು, ಪಕ್ಕದ ಮನೆಯ ಅಜ್ಜಿ ದೃಷ್ಟಿ ತೆಗೆದರು. ಚಿಕ್ಕ ಮಕ್ಕಳ ಅಳು ಎರಡನೇ ವಾರದಿಂದ ಜಾಸ್ತಿ ಆಗ್ತಾ ಹೋಗಿ, ಆರನೇ ವಾರದ ಹೊತ್ತಿಗೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತೆ ಅನ್ನೋದು ಆಗ ನನಗೆ ಗೊತ್ತಿರಲಿಲ್ಲ. ಹತ್ತನೇ ದಿನ ತಮ್ಮನನ್ನ ಮೆಡಿಕಲ್ ಶಾಪ್‌ಗೆ ಕಳಿಸಿ ನಿಪ್ಪಲ್ ತರಿಸಿದೆ. ಬಾಯಿಗೆ ಇಟ್ಟೆ. ಅರ್ಧ ನಿಮಿಷದಲ್ಲಿ ಮನೆಯೆಲ್ಲ ನಿಶ್ಶಬ್ದ. ಆ ನಿಶ್ಶಬ್ದ ಎಷ್ಟು ಹಿತವಾಗಿತ್ತು ಅಂದರೆ, ಮಾರನೇ ದಿನ ಹಗಲಲ್ಲೂ ಇಟ್ಟೆ. ಆಮೇಲೆ ಅತ್ತಾಗಲೆಲ್ಲ ಇಟ್ಟೆ.

ಇಪ್ಪತ್ತೊಂದನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದರು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನ 3, 7, 14, 21, 28 ಮತ್ತು 42ನೇ ದಿನ ಅವರು ಮನೆಗೇ ಬಂದು ನೋಡಬೇಕು ಅನ್ನೋ ಕ್ರಮ ಇದೆ. ಹದಿನಾಲ್ಕನೇ ದಿನ ಬಂದಾಗ ನಾವು ಮನೆಯಲ್ಲಿರಲಿಲ್ಲ. ಈ ಸಲ ತೂಕ ನೋಡಿದರು. ಹುಟ್ಟಿದಾಗ 2 ಕೆಜಿ 900 ಗ್ರಾಂ ಇದ್ದವನು ಈಗ 2 ಕೆಜಿ 800. ಮೊದಲ ಕೆಲವು ದಿನ ತೂಕ ಸ್ವಲ್ಪ ಇಳಿಯೋದು ಸಹಜ, ಆದರೆ ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು.

"ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ತೈತೆ?"

"ಲೆಕ್ಕ ಇಟ್ಟಿಲ್ಲ ಅಕ್ಕ. ಅಳೋದು ಮಾತ್ರ ಕಮ್ಮಿ ಆಗಿದೆ."

ಅವರು ಮಗುವಿನ ಬಾಯಲ್ಲಿದ್ದ ನಿಪ್ಪಲ್ ನೋಡಿದರು. "ಅಳ್ತಿಲ್ಲ ಅಂದ್ರೆ ಹಸಿವಿಲ್ಲ ಅಂತಲ್ಲ ಕಣಮ್ಮ. ಅದು ಹಾಲು ಕೇಳ್ತಾ ಇತ್ತು, ನೀನು ರಬ್ಬರ್ ಕೊಟ್ಟೆ."

ಬೈದಿದ್ದಲ್ಲ, ಮೆಲ್ಲಗೇ ಹೇಳಿದ್ದು. ಆದರೂ ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಅವತ್ತೇ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಕಾಯಿಲೆ ಏನೂ ಇರಲಿಲ್ಲ. ದಿನಕ್ಕೆ ಎಷ್ಟು ಸಲ ಹಾಲು ಕುಡಿಸ್ತೀರಿ ಅಂತ ಕೇಳಿದರು. ಎಣಿಸಿ ನೋಡಿದರೆ ಐದೋ ಆರೋ. ಆ ವಯಸ್ಸಿನ ಮಗುವಿಗೆ 8ರಿಂದ 12 ಸಲ ಬೇಕು. ಅಳು ಅನ್ನೋದು ಹಸಿವಿನ ಕೊನೆಯ ಸೂಚನೆಯಂತೆ. ಅದಕ್ಕೂ ಮುಂಚೆ ಮಗು ತಲೆ ಹೊರಳಿಸುತ್ತೆ, ಕೈ ಬಾಯಿಗೆ ಒಯ್ಯುತ್ತೆ, ತುಟಿ ಚಪ್ಪರಿಸುತ್ತೆ. ನಿಪ್ಪಲ್ ಬಾಯಲ್ಲಿದ್ದರೆ ಇದ್ಯಾವುದೂ ಕಾಣಲ್ಲ. ಇನ್ನೊಂದು ವಿಷಯ, ಮಗು ಎಷ್ಟು ಚೀಪುತ್ತೋ ಅಷ್ಟು ಎದೆಹಾಲು ಬರೋದು. ರಬ್ಬರ್ ಚೀಪಿದರೆ ನಮ್ಮ ಮೈಗೆ ಆ ಸುದ್ದಿ ಮುಟ್ಟಲ್ಲ.

ನಿಪ್ಪಲ್ ತೆಗೆದು ಮೇಲಿಟ್ಟೆ. ಎರಡೆರಡು ಗಂಟೆಗೆ ಎಬ್ಬಿಸಿ ಹಾಲು ಕುಡಿಸಿದೆ. ಹಿಂಡಿದ ಹಾಲನ್ನ ಅಮ್ಮ ಒಳಲೆಯಲ್ಲಿ ಹಾಕ್ತಿದ್ದರು. ಒದ್ದೆ ಬಟ್ಟೆ ಲೆಕ್ಕ ಕ್ಯಾಲೆಂಡರ್ ಮೇಲೆ ಗೀಟು ಹಾಕಿ ಇಟ್ಟೆ, ದಿನಕ್ಕೆ ಆರಕ್ಕಿಂತ ಕಮ್ಮಿ ಆಗಬಾರದು ಅಂತ. ಹತ್ತು ದಿನಕ್ಕೆ 300 ಗ್ರಾಂ ಏರಿತು. ತಾಯಿ ಕಾರ್ಡಿನಲ್ಲಿ ಆ ತೂಕ ಬರೆಸಿಕೊಂಡು ಬಂದು ಬಾಗಿಲ ಹಿಂದೆ ನಿಂತು ಅತ್ತುಬಿಟ್ಟೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು "ನಿಪ್ಪಲ್ ಕೊಡಲೇಬೇಡಿ" ಅಂತ ಹೇಳಿ ಎದ್ದು ಹೋಗ್ತಿದ್ದೆ. ಆದರೆ ಮಗನಿಗೆ ಎರಡು ತಿಂಗಳಾದಾಗ ಅದೇ ಪ್ರಶ್ನೆ ಮತ್ತೆ ಬಂತು. ಹಾಲು ಚೆನ್ನಾಗಿ ಕುಡೀತಿದ್ದ, ತೂಕ ಏರ್ತಿತ್ತು. ಆದರೂ ನಿದ್ದೆ ಹತ್ತಬೇಕಾದರೆ ಏನಾದರೂ ಚೀಪಬೇಕು. ಹೊಟ್ಟೆ ತುಂಬಿ ವಾಂತಿ ಮಾಡಿಕೊಂಡರೂ ಬಿಡ್ತಿರಲಿಲ್ಲ. ಚೀಪೋದು ಮಕ್ಕಳಿಗೆ ಬರೀ ಹಸಿವಿನ ವಿಷಯ ಅಲ್ಲ, ಸಮಾಧಾನವೂ ಹೌದು. ಹೊಟ್ಟೆಯೊಳಗಿರುವಾಗಲೇ ಬೆರಳು ಚೀಪೋದು ಸ್ಕ್ಯಾನಿಂಗ್‌ನಲ್ಲಿ ಕಾಣುತ್ತೆ.

ಈ ಸಲ ಅವಸರ ಮಾಡದೆ ಓದಿದೆ, ಡಾಕ್ಟರನ್ನ ಕೇಳಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಎದೆಹಾಲಿನ ಬಗ್ಗೆ ಹತ್ತು ಸೂತ್ರ ಕೊಟ್ಟಾಗ, ಎದೆಹಾಲು ಕುಡಿಯೋ ಮಗುವಿಗೆ ನಿಪ್ಪಲ್ ಕೊಡಬೇಡಿ ಅಂತಲೇ ಇತ್ತು. 2018ರಲ್ಲಿ ಅದನ್ನ ಬದಲಿಸಿ, ಅದರ ಬಳಕೆ ಮತ್ತು ಅಪಾಯಗಳ ಬಗ್ಗೆ ತಾಯಿಗೆ ತಿಳಿಸಿ ಹೇಳಿ ಅಂತ ಮಾಡಿದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2005ರಿಂದ ಇನ್ನೊಂದು ಮಾತು ಹೇಳ್ತಾ ಬಂದಿದೆ: ಎದೆಹಾಲು ಕುಡಿಯೋದು ಸರಿಯಾಗಿ ರೂಢಿ ಆದಮೇಲೆ, ಮಲಗೋ ಹೊತ್ತಲ್ಲಿ ನಿಪ್ಪಲ್ ಕೊಡಬಹುದು. ನಿದ್ದೆಯಲ್ಲೇ ಕೂಸು ಇದ್ದಕ್ಕಿದ್ದಂತೆ ತೀರಿಕೊಳ್ಳೋ ಅಪಾಯ ನಿಪ್ಪಲ್ ಚೀಪೋ ಮಕ್ಕಳಲ್ಲಿ ಕಮ್ಮಿ ಕಂಡಿದೆ ಅನ್ನೋದು ಅದಕ್ಕೆ ಕಾರಣ. ಹಾಗಂತ ಮಗುವನ್ನ ಅಂಗಾತ ಮಲಗಿಸೋದಕ್ಕೆ ಇದು ಬದಲಿ ಅಲ್ಲ.

ಅಂದರೆ ಎರಡು ಕಡೆಯವರೂ ಹೇಳ್ತಿರೋದು ಒಂದೇ. ಹಾಲು ಮೊದಲು, ನಿಪ್ಪಲ್ ಆಮೇಲೆ. ನಾನು ಅದನ್ನ ತಿರುಗಾಮುರುಗಾ ಮಾಡಿದ್ದೆ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಅಮ್ಮನ ಹತ್ತಿರ ಈ ಮಾತು ತೆಗೆದೆ. ಅಮ್ಮ ಕಂಡಿಕೆ ಸುತ್ತುತ್ತಾ ಇದ್ದರು, ತಲೆ ಎತ್ತಲಿಲ್ಲ. "ನಿನಗೆ ಹಳೇ ಸೀರೆ ಚೂರಲ್ಲಿ ಸಕ್ಕರೆ ಕಟ್ಟಿ ಬಾಯಿಗೆ ಇಡ್ತಿದ್ದೆ ಕಣೇ. ಮಗ್ಗದ ಪಕ್ಕದಲ್ಲೇ ಜೋಲಿ. ಎಳೆ ಕಿತ್ತೋದ್ರೆ ಮಗ್ಗ ನಿಲ್ಲಿಸಬೇಕು, ನೀನು ಅತ್ರೂ ನಿಲ್ಲಿಸಬೇಕು. ಸೀರೆ ಇಳಿದ್ರೆ ತಾನೇ ಕೂಲಿ?"

ನನಗೆ ಏನು ಹೇಳಬೇಕೋ ತೋಚಲಿಲ್ಲ. 2017ರ ತಿದ್ದುಪಡಿ ಆದಮೇಲೆ ಹೆರಿಗೆ ರಜೆ 26 ವಾರ. ಆದರೆ ಅದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆಗೆ. ಮನೆಯಲ್ಲೇ ಮಗ್ಗ ಹಾಕಿಕೊಂಡ ಹೆಂಗಸಿಗೆ ರಜೆ ಕೊಡೋರು ಯಾರು? ನಮ್ಮಲ್ಲಿ ಎಷ್ಟೋ ಮಗುವಿನ ಬಾಯಿಗೆ ನಿಪ್ಪಲ್ ಬರೋದು ಎತ್ತಿಕೊಳ್ಳೋಕೆ ಇನ್ನೊಂದು ಜೊತೆ ಕೈ ಇಲ್ಲ ಅಂತ. ಅದಕ್ಕೇ ಬಸ್ಸಲ್ಲೋ ಮದುವೆ ಮನೆಯಲ್ಲೋ ನಿಪ್ಪಲ್ ಚೀಪೋ ಮಗು ಕಂಡರೆ ತಾಯಿಗೆ ಬುದ್ಧಿ ಹೇಳೋಕೆ ಹೋಗಬೇಡಿ. ಹತ್ತು ನಿಮಿಷ ಮಗುವನ್ನ ಎತ್ತಿಕೊಳ್ಳಿ.

ಕೊನೆಗೆ ನಾನು ಎರಡನೇ ಸಲ ಕೊಟ್ಟೆ. ಮಲಗೋವಾಗ ಮಾತ್ರ, ಹಾಲು ಕುಡಿಸಿದ ಮೇಲೆ ಮಾತ್ರ. ಜೊತೆಗೆ ಕೆಲವು ನಿಯಮ ಹಾಕಿಕೊಂಡೆ, ಹೇಳಿಬಿಡ್ತೀನಿ.

ಮೊದಲ ಮೂರು ನಾಲ್ಕು ವಾರ ಬೇಡ, ತೂಕ ಏರ್ತಿದೆ ಅಂತ ಖಾತ್ರಿ ಆಗೋವರೆಗೂ ಬೇಡ. ಒಂದೇ ತುಂಡಿನಲ್ಲಿ ಮಾಡಿದ್ದು ತಗೊಳ್ಳಿ. ಅದರ ಬಿಲ್ಲೆ ಮಗುವಿನ ಬಾಯಿಗಿಂತ ಅಗಲ ಇರಬೇಕು, ಗಾಳಿಯಾಡೋಕೆ ತೂತು ಇರಬೇಕು. ಕೆಳಗೆ ಬೀಳುತ್ತೆ ಅಂತ ದಾರ ಕಟ್ಟಿ ಕುತ್ತಿಗೆಗೆ ಹಾಕಲೇಬೇಡಿ, ಉಸಿರು ಕಟ್ಟುತ್ತೆ. ಬಿದ್ದರೆ ಸೆರಗಲ್ಲಿ ಒರೆಸಿ ಇಡೋದಲ್ಲ, ತೊಳೀಬೇಕು. ಚಿಕ್ಕ ಕೂಸಿಗೆ ದಿನಾ ಕುದಿಸಿ ಕೊಡಿ. ಬಿರುಕು ಬಿಟ್ಟರೆ ಎಸೀರಿ. ನಿದ್ದೆಯಲ್ಲಿ ಬಾಯಿಂದ ಜಾರಿದರೆ ಮತ್ತೆ ತುರುಕಬೇಡಿ.

ಸಕ್ಕರೆ, ಬೆಲ್ಲ, ಜೇನುತುಪ್ಪ ಸವರಿ ಕೊಡಬೇಡಿ. ಜೇನಂತೂ ಒಂದು ವರ್ಷದವರೆಗೆ ನಾಲಿಗೆಗೂ ಸೋಕಿಸಬಾರದು. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಕೂಸಿನ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತೆ, ಕೈಕಾಲು ಸೋತು ಉಸಿರಾಟಕ್ಕೇ ತೊಂದರೆ ಆಗುತ್ತೆ. ಬೊಟುಲಿಸಂ ಅಂತಾರೆ ಅದಕ್ಕೆ. 2018ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಜೇನು ತುಂಬಿದ ನಿಪ್ಪಲ್ ಚೀಪಿದ ನಾಲ್ಕು ಕೂಸುಗಳು ಹೀಗೇ ಆಸ್ಪತ್ರೆ ಸೇರಿದ್ದವು.

ಆರು ತಿಂಗಳಾದಮೇಲೆ ಮೆಲ್ಲಗೆ ಬಿಡಿಸೋಕೆ ಶುರು ಮಾಡಿ. ಆಮೇಲೂ ಚೀಪ್ತಿದ್ದರೆ ಕಿವಿ ಸೋಂಕು ಜಾಸ್ತಿ ಬರಬಹುದು, ಎರಡು ಮೂರು ವರ್ಷ ದಾಟಿದರೆ ಹಲ್ಲಿನ ಸಾಲು ಮುಂದಕ್ಕೆ ಬರುತ್ತೆ. ನನ್ನ ಮಗ ಎಂಟನೇ ತಿಂಗಳಲ್ಲಿ ತಾನೇ ಎಸೆದ. ಮಗ್ಗದ ಕೆಳಗೆ ಹೋಗಿ ಬಿತ್ತು. ಎರಡು ದಿನ ಹುಡುಕಿ ಅತ್ತ, ಮೂರನೇ ದಿನ ಮರೆತ.

ಕೊಡಿ ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಕೈಗೆ ನಿಪ್ಪಲ್ ತಗೊಂಡಾಗ ಒಂದು ಕ್ಷಣ ನಿಂತು ಕೇಳಿಕೊಳ್ಳಿ. ಹಾಲು ಕುಡಿದು ಎಷ್ಟು ಹೊತ್ತಾಯ್ತು? ಬಟ್ಟೆ ಒದ್ದೆಯಾಗಿದೆಯಾ? ಸೆಕೆಯಾ, ಚಳಿಯಾ? ಎತ್ತಿಕೊಂಡರೆ ಸುಮ್ಮನಾಗುತ್ತಾ? ಇಷ್ಟೂ ನೋಡಿದ ಮೇಲೂ ಚೀಪೋಕೆ ಏನಾದರೂ ಬೇಕು ಅನ್ನಿಸಿದರೆ, ಧೈರ್ಯವಾಗಿ ಕೊಡಿ.

ನಿಮ್ಮ ಮನೆಯ ಬಾಣಂತಿಗೂ ಇದನ್ನ ಕೇಳಿಸಿ.